ಕಾಫಿಯಲ್ಲಿ ಕರಗಿದ್ದು

ಕಾಫಿಯ ವಿಷಯ ಯಾರಿಗೂ ಹೇಳುವಂಥದ್ದಲ್ಲ ಎಂದು ಗುಬ್ಬಿ ಹನ್ನೊಂದು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆವತ್ತು ಬೆಳಿಗ್ಗೆ ಡೈರಿ ತೆಗೆದು ಬರೆದಳು: ‘ಹೇಳುವಂಥದ್ದಲ್ಲದ ವಿಷಯವಾದರೆ ಹನ್ನೊಂದು ದಿನ ಯಾಕೆ ಹೇಳಿಕೊಳ್ಳಬೇಕು?’ ಬರೆದ ಸಾಲನ್ನು ತಾನೇ ಓದಿ ಮುಖ ಸಿಂಡರಿಸಿದಳು. ಅವಳ ಡೈರಿಗೆ ಇದೊಂದು ಕೆಟ್ಟ ಚಾಳಿ. ಸಮಾಧಾನ ಕೇಳಲು ಹೋದರೆ ಪ್ರಶ್ನೆ ಕೇಳುತ್ತಿತ್ತು.

ವಿಷಯ ಇಷ್ಟೇ. ಗುಬ್ಬಿಯ ಅಪ್ಪನಿಗೆ ಆರು ವರ್ಷದ ಹಿಂದೆ ಹೃದಯದ ಒಂದು ಕವಾಟ ತೆಗೆದು ಲೋಹದ್ದು ಕೂರಿಸಿದ್ದರು. ಸುತ್ತ ಸದ್ದಿಲ್ಲದಾಗ ಪಕ್ಕದಲ್ಲಿ ಕುಳಿತರೆ ಅದು ಎದೆಯೊಳಗಿಂದ ಟಿಕ್ ಟಿಕ್ ಎನ್ನುವುದು ಕೇಳಿಸುತ್ತಿತ್ತು. ಆ ಲೋಹದ ಮೇಲೆ ರಕ್ತ ಗಡ್ಡೆ ಕಟ್ಟದಿರಲಿ ಎಂದು ದಿನಕ್ಕೊಂದು ಗುಲಾಬಿ ಬಣ್ಣದ ಮಾತ್ರೆ, ಬದುಕಿರುವವರೆಗೆ. ವಾರದ ಏಳು ದಿನಕ್ಕೆ ಏಳು ಗೂಡಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಬ್ಬಿ ಪ್ರತಿ ಭಾನುವಾರ ಮಾತ್ರೆ ತುಂಬಿಡುತ್ತಿದ್ದಳು, ಆಸ್ಪತ್ರೆಯವರು ಕೊಟ್ಟ ಹಳದಿ ಪುಸ್ತಕದಲ್ಲಿ ದಿನವೂ ಗುರುತು ಹಾಕುತ್ತಿದ್ದಳು. ಪದವಿ ಮುಗಿಸಿ ಎರಡು ವರ್ಷವಾಗಿ, ಮೂರು ಸಂದರ್ಶನಗಳಲ್ಲಿ ತನ್ನ ಹೆಸರು ಹೇಳುವಷ್ಟರಲ್ಲೇ ಗಂಟಲು ಕಟ್ಟಿ ಎದ್ದು ಬಂದಿದ್ದ ಹುಡುಗಿಗೆ ಮನೆಯಲ್ಲಿದ್ದ ಒಂದೇ ಹುದ್ದೆ ಅದು. ಆರು ವರ್ಷದಲ್ಲಿ ಒಂದು ಚೌಕವೂ ಖಾಲಿ ಬಿಟ್ಟಿರಲಿಲ್ಲ.

ಹದಿನಾಲ್ಕು ದಿನದ ಹಿಂದೆ ಒಂದು ಎಡವಟ್ಟಾಯಿತು. ಅಪ್ಪನದು ಫೋಟೋಗೆ ಕಟ್ಟು ಹಾಕುವ ಅಂಗಡಿ, ಮನೆಯಿಂದ ಎರಡು ಬೀದಿಯಾಚೆ. ಅವರು ಮಾತ್ರೆ ನುಂಗದೆ ಹೋಗಿದ್ದಾರೆಂದು ಗುಬ್ಬಿ ಡಬ್ಬಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಇದ್ದಬದ್ದ ಧೈರ್ಯ ಒಟ್ಟುಮಾಡಿ, “ಅಪ್ಪಾ, ಮಾತ್ರೆ ತಗೊಂಡ್ರಾ?” ಎಂದು ಕೇಳಿಬಿಟ್ಟಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬ ನಕ್ಕ. “ಏನ್ ಯಜಮಾನ್ರೇ, ಡಬ್ಬಿ ಹಿಡ್ಕೊಂಡು ಮೇಷ್ಟ್ರು ಬಂದವ್ರಲ್ಲ!”

ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಗಾಜು ಕೊಯ್ಯುವ ಉಳಿಯನ್ನು ಮೇಜಿನ ಮೇಲಿಟ್ಟು, “ಇದೇನು, ಚಿಕ್ಕ ಮಕ್ಕಳ ಆಟದ ಡಬ್ಬಿ? ನಾನೇನು ಕೈಕೂಸಾ? ತಗೊಂಡು ಹೋಗು. ಇನ್ನು ಇದನ್ನ ನಾನು ಮುಟ್ಟಿದ್ರೆ ಕೇಳು” ಅಂದರು.

ಅಪ್ಪ ಮುಟ್ಟಲಿಲ್ಲ. ಸೋಮವಾರದ ಗೂಡಿನಲ್ಲಿ ಮಾತ್ರೆ ಹಾಗೇ ಕುಳಿತಿತ್ತು. ಮಂಗಳವಾರದ್ದೂ ಹಾಗೇ. ಬುಧವಾರದ್ದೂ. ಮೂರು ಗುಲಾಬಿ ಮಾತ್ರೆಗಳು ಡಬ್ಬಿಯೊಳಗಿಂದ ಗುಬ್ಬಿಯನ್ನೇ ದಿಟ್ಟಿಸುತ್ತಿದ್ದವು. ಆಸ್ಪತ್ರೆಯಲ್ಲಿ ಆರು ವರ್ಷದ ಹಿಂದೆ ಯಾರೋ ಹೇಳಿದ್ದ ಮಾತು ಅವಳ ಕಿವಿಯಿಂದ ಇಳಿದಿರಲಿಲ್ಲ: ಮಾತ್ರೆ ಹೆಚ್ಚಾದರೆ ರಕ್ತ ನಿಲ್ಲುವುದಿಲ್ಲ, ಕಮ್ಮಿಯಾದರೆ ಗಡ್ಡೆ ಕಟ್ಟುತ್ತದೆ, ಗಡ್ಡೆ ತಲೆಗೆ ಹೋದರೆ ಮುಗಿಯಿತು. ಅಪ್ಪನನ್ನು ಇನ್ನೊಮ್ಮೆ ಕೇಳುವುದು ಅವಳಿಂದಾಗದ ಕೆಲಸ. ಅಮ್ಮನಿಗೆ ಹೇಳಿದರೆ ಬೀದಿಯ ಕೊನೆಯ ಮನೆಯವರಿಗೂ ಕೇಳಿಸುತ್ತದೆ, ಅಪ್ಪ ಹಟಕ್ಕೆ ಬಿದ್ದು ಊಟವನ್ನೂ ಬಿಡುತ್ತಾರೆ. ಹಾಗಾಗಿ ಗುರುವಾರ ಸಂಜೆ, ಯಾರಿಗೂ ಗೊತ್ತಾಗದಂತೆ, ಎರಡು ಚಮಚದ ನಡುವೆ ಮಾತ್ರೆಯಿಟ್ಟು ಒತ್ತಿ ಪುಡಿ ಮಾಡಿ, ಎರಡು ಚಮಚ ಸಕ್ಕರೆಯ ಜೊತೆ ಅಪ್ಪನ ಕಾಫಿಗೆ ಹಾಕಿದಳು. ಅಪ್ಪ ಗಟಗಟ ಕುಡಿದು, ಲೋಟ ಇಟ್ಟು, “ಕಾಫಿ ಚೆನ್ನಾಗಿದೆ” ಅಂದರು. ಆ ಮನೆಯಲ್ಲಿ ಅಂಥ ಮಾತು ವರ್ಷಕ್ಕೊಮ್ಮೆ ಬಿದ್ದರೆ ಹೆಚ್ಚು.

ಅಲ್ಲಿಂದ ಹನ್ನೊಂದು ಸಂಜೆ, ಹನ್ನೊಂದು ಮಾತ್ರೆ, ಹಳದಿ ಪುಸ್ತಕದಲ್ಲಿ ಹನ್ನೊಂದು ಗುರುತು. ಅದಕ್ಕೂ ಮೊದಲಿನ ಮೂರು ಖಾಲಿ ಚೌಕಗಳನ್ನು ನೋಡಲಾಗದೆ ಅವಕ್ಕೂ ಗುರುತು ಹಾಕಿಬಿಟ್ಟಿದ್ದಳು.

ಎಂಟನೇ ದಿನ ಅಪ್ಪನ ಹಲ್ಲುಜ್ಜುವ ಬ್ರಷ್ಷಿನ ಕೂದಲು ನಸುಗೆಂಪಾಗಿದ್ದನ್ನು ನೋಡಿದಳು. ಒಂಬತ್ತನೇ ದಿನ ಮೊಣಕೈ ಕೆಳಗೆ ನೇರಳೆ ಬಣ್ಣದ ಕಲೆ ಕಂಡಿತು. ಹತ್ತನೇ ದಿನ ಯಾರದೋ ಮದುವೆ ಫೋಟೋ ಅಂಗಡಿಗೆ ವಾಪಸು ಬಂತು, ಗಾಜಿನ ಒಳಗೆ, ಬಿಳಿ ರಟ್ಟಿನ ಅಂಚಿನಲ್ಲಿ, ಮದುಮಗನ ಕಿವಿಯ ಪಕ್ಕ ತುಕ್ಕುಬಣ್ಣದ ಒಂದು ಚುಕ್ಕೆ ಇತ್ತೆಂದು. ಗಾಜು ತಾಗಿ ಕೊಯ್ದಿದ್ದ ಅಪ್ಪನ ಬೆರಳಿನ ಗಾಯ ಒಣಗಿರಲೇ ಇಲ್ಲ. ಮೂರನ್ನೂ ಗುಬ್ಬಿ ಡೈರಿಯಲ್ಲಿ ಬರೆದಳು. ಬರೆದರೆ ಹೇಳಿದಂತೆಯೇ ಆಯಿತು ಎಂದುಕೊಳ್ಳುವುದು ಅವಳ ಇನ್ನೊಂದು ಕೆಟ್ಟ ಚಾಳಿ.

ಹನ್ನೆರಡನೆಯ ದಿನದ ಬೆಳಿಗ್ಗೆ, ಡೈರಿ ಮುಚ್ಚುವಷ್ಟರಲ್ಲಿ, ಬಚ್ಚಲಿನಿಂದ ಅಪ್ಪನ ಸೀನು ಕೇಳಿಸಿತು. ಆಮೇಲೆ ಅಮ್ಮನ ಕೂಗು.

“ರೀ! ಇದೇನ್ರೀ ಇದು! ತಲೆ ಮೇಲೆತ್ತಿ! ಅಯ್ಯೋ, ಗೋಡೆಗೆಲ್ಲ ಹಾರಿಸ್ಬೇಡಿ!”

“ತಲೆ ಎತ್ತಿದ್ರೆ ಗಂಟಲಿಗೆ ಹೋಗುತ್ತೆ ಕಣೇ.”

“ಹೋಗ್ಲಿ ಬಿಡಿ, ನಿಮ್ದೇ ರಕ್ತ ತಾನೇ!”

ಮುಕ್ಕಾಲು ಗಂಟೆ ಮೂಗು ಹಿಡಿದು ಕುಳಿತರೂ ನಿಲ್ಲಲಿಲ್ಲ. ಎರಡು ಟವೆಲ್ ಕೆಂಪಾದವು. ಅಮ್ಮ ತನ್ನ ತಮ್ಮನಿಗೆ ಫೋನ್ ಮಾಡಿದಳು. ಈ ಮಾವನದು ದೊಡ್ಡ ರಸ್ತೆಯಲ್ಲಿ ಟೈರು ಅಂಗಡಿ. ಲೋಕದಲ್ಲಿ ಆಗುವುದೆಲ್ಲವೂ ಗಾಳಿ, ರಬ್ಬರು ಮತ್ತು ತೂತಿನ ಸಂಗತಿಯೆಂದು ಅವರು ಎಂದೋ ತೀರ್ಮಾನಿಸಿದ್ದರು. ಹತ್ತೇ ನಿಮಿಷದಲ್ಲಿ ಕಾರು ತಂದು ನಿಲ್ಲಿಸಿ, “ಭಾವ, ಏನಿದು? ಟ್ಯೂಬೇ ಹೋದಂಗಿದೆಯಲ್ಲ!” ಅಂದರು. ಅಪ್ಪ ಟವೆಲಿನ ಹಿಂದಿನಿಂದ ಅವರನ್ನು ಸುಡುವಂತೆ ನೋಡಿದರು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಆರು ಹಾಸಿಗೆ, ಹಸಿರು ಪರದೆ, ಮೂಲೆಯಲ್ಲೊಂದು ಸದಾ ತೊಟ್ಟಿಕ್ಕುವ ನಲ್ಲಿ. ದಪ್ಪ ಕನ್ನಡಕದ ಹಿರಿಯ ನರ್ಸೊಬ್ಬರು ಅಪ್ಪನ ಮೂಗಿಗೆ ಉದ್ದನೆಯ ಬ್ಯಾಂಡೇಜ್ ಬಟ್ಟೆಯನ್ನು ತುರುಕಿ, ತೋಳಿನಿಂದ ರಕ್ತ ತೆಗೆದುಕೊಂಡು ಹೋದರು. ಸೂಜಿ ಚುಚ್ಚಿದ ಜಾಗವನ್ನು ಒತ್ತಿ ಹಿಡಿಯುವ ಕೆಲಸ ಗುಬ್ಬಿಗೆ ಬಂತು. ಹದಿನೈದು ನಿಮಿಷ ಒತ್ತಿದಳು. ಬೆರಳು ತೆಗೆದರೆ ಮತ್ತೆ ಒಂದು ಹನಿ, ತಣ್ಣಗೆ, ಆತುರವಿಲ್ಲದೆ, ಇನ್ನೂ ಬೇಕಾದಷ್ಟಿದೆ ಅನ್ನುವಂತೆ.

ಡಾಕ್ಟರು ಬಂದರು. ಹೆಂಗಸು, ನಲವತ್ತರ ಆಸುಪಾಸು, ಕಣ್ಣ ಕೆಳಗೆ ಎರಡು ದಿನದ ನಿದ್ದೆ ಬಾಕಿ. ಕೈಯಲ್ಲಿ ರಕ್ತಪರೀಕ್ಷೆಯ ಕಾಗದ.

“ರಕ್ತ ಎಷ್ಟು ತೆಳುವಾಗಿದೆ ಅಂತ ಅಳೆಯೋ ಲೆಕ್ಕ ಇದು. ಇವರಿಗೆ ಎರಡೂವರೆಯಿಂದ ಮೂರೂವರೆ ಒಳಗಿರ್ಬೇಕು. ಒಂಬತ್ತು ದಾಟಿದೆ. ಏನ್ ಮಾಡಿದ್ರಿ?”

“ನಾವೇನ್ ಮಾಡೋಣ ಡಾಕ್ಟ್ರೇ!” ಅಮ್ಮ ಶುರು ಮಾಡಿದಳು. “ಇವರೇ ಎಲ್ಲ ಮಾಡ್ಕೊಳ್ಳೋದು. ಬಿಸಿಲಲ್ಲಿ ತಿರುಗ್ಬೇಡಿ ಅಂದ್ರೆ ತಿರುಗ್ತಾರೆ, ಫ್ಯಾನ್ ಕೆಳಗೆ ಮಲಗ್ಬೇಡಿ ಅಂದ್ರೆ...”

“ಹೊಸ ಔಷಧಿ ಏನಾದ್ರೂ? ಮಾತ್ರೆ ಹೆಚ್ಚುಕಮ್ಮಿ ಆಗಿದ್ಯಾ?”

ಗುಬ್ಬಿ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಮೂಗಿನ ಬಟ್ಟೆಯೊಳಗಿಂದಲೇ ಗುಡುಗಿದರು: “ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ದಿನಕ್ಕೊಂದು. ಒಂದು ದಿನ ತಪ್ಪಿಸಿಲ್ಲ ನಾನು.”

ಇದೆಂಥ ಹಸಿ ಸುಳ್ಳು ಎಂದು ಗುಬ್ಬಿ ಅಪ್ಪನ ಮುಖ ನೋಡಿದಳು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ.

“ನೋಡಿ ಡಾಕ್ಟ್ರೇ, ಪುಸ್ತಕ ಇದೆ!” ಅಮ್ಮ ಚೀಲದಿಂದ ಹಳದಿ ಪುಸ್ತಕ ತೆಗೆದು ಮುಂದೆ ಹಿಡಿದಳು. “ನನ್ನ ಮಗಳು ಬರೆಯೋದು. ಮಾತು ಬರಲ್ಲ ಅಷ್ಟೇ, ಬರವಣಿಗೆಯಲ್ಲಿ ಎತ್ತಿದ ಕೈ.”

ಡಾಕ್ಟರು ಪುಟ ತಿರುವಿದರು. ಒಂದೇ ಅಳತೆಯ, ಒಂದೇ ಓರೆಯ ಗುರುತುಗಳು, ಆರು ವರ್ಷದ್ದು. ಅವರ ಮುಖ ಮೊದಲ ಸಲ ಸಡಿಲವಾಯಿತು. “ಇಷ್ಟು ನೀಟಾಗಿ ಯಾರೂ ಬರೆಯಲ್ಲಮ್ಮಾ. ಎಲ್ಲರ ಮನೇಲೂ ನಿನ್ನಂಥೋರು ಒಬ್ಬರಿದ್ರೆ ನನ್ನ ಕೆಲಸ ಅರ್ಧ ಕಮ್ಮಿ ಆಗ್ತಿತ್ತು.”

ಆ ಹೊಗಳಿಕೆ ಬಂದು ಗುಬ್ಬಿಯ ಗಂಟಲಿಗೆ ಬಿರಡೆಯಂತೆ ಕೂತಿತು. ಬೈದಿದ್ದರೆ ಹೇಳಿಬಿಡುತ್ತಿದ್ದಳೋ ಏನೋ.

“ಈಗ ಒಂದು ಇಂಜೆಕ್ಷನ್ ಕೊಡ್ತೀವಿ. ವಿಟಮಿನ್ ಕೆ,” ಡಾಕ್ಟರು ಹೇಳಿದರು. “ರಕ್ತ ಹೆಪ್ಪುಗಟ್ಟೋಕೆ ಬೇಕಾದ ಸಾಮಾನನ್ನ ಲಿವರ್ ತಯಾರು ಮಾಡುತ್ತೆ. ಅದಕ್ಕೆ ಈ ವಿಟಮಿನ್ ಬೇಕು. ಇವರು ತಗೊಳ್ಳೋ ಮಾತ್ರೆ ಅದಕ್ಕೇ ಅಡ್ಡಗಾಲು ಹಾಕೋದು. ಅಡ್ಡಗಾಲು ಜಾಸ್ತಿಯಾಗಿದೆ. ಇಂಜೆಕ್ಷನ್ ಕೊಟ್ರೆ ಲಿವರ್ ಮತ್ತೆ ಕೆಲಸಕ್ಕೆ ಕೂರುತ್ತೆ.”

ನರ್ಸು ಕಂದು ಗಾಜಿನ ಪುಟ್ಟ ಶೀಸೆಯ ಕತ್ತು ಮುರಿದರು. ಒಳಗಿನ ಹಳದಿ ದ್ರವದಲ್ಲಿ ಒಂದು ಪಾಲನ್ನಷ್ಟೇ ಸಿರಿಂಜಿಗೆ ಎಳೆದುಕೊಂಡು ಚಿಕ್ಕದೊಂದು ಸಲೈನ್ ಬಾಟಲಿಗೆ ಸೇರಿಸಿದರು. ಅದು ಹನಿಹನಿಯಾಗಿ ಕೊಳವೆಯಲ್ಲಿ ಇಳಿಯತೊಡಗಿತು.

ಮಾವನಿಗೆ ತಡೆಯಲಾಗಲಿಲ್ಲ. “ಸಿಸ್ಟರ್, ಶೀಸೆಯಲ್ಲಿ ಇನ್ನೂ ಉಳೀತಲ್ಲ! ಅದನ್ನೂ ಹಾಕ್ಬಿಡಿ.”

“ಇಷ್ಟೇ ಬರೆದಿರೋದು.”

“ಅಲ್ಲ, ಇಷ್ಟು ದೊಡ್ಡ ಆಳು ನಮ್ಮ ಭಾವ. ಲಾರಿ ಟೈರಿಗೆ ಸೈಕಲ್ ಪ್ಯಾಚ್ ಹಾಕ್ದಂಗಾಯ್ತಲ್ಲ! ಆಮೇಲೆ ಇದ್ಯಾಕೆ ತೊಟ್ಟಿಕ್ತಿದೆ? ಜೋರಾಗಿ ಬಿಡಿ.”

“ಜೋರಾಗಿ ಬಿಟ್ರೆ ಕೆಲವರಿಗೆ ಮೈ ತಡೆಯಲ್ಲ, ಉಸಿರೇ ಸಿಕ್ಕಿಹಾಕಿಕೊಳ್ಳುತ್ತೆ,” ಡಾಕ್ಟರು ತಿರುಗಿ ನಿಂತರು. “ಇನ್ನು ಹೆಚ್ಚು ಕೊಟ್ರೆ, ಇವರ ಎದೇಲಿ ಲೋಹದ ಕವಾಟ ಇದೆ. ರಕ್ತ ಪೂರ್ತಿ ಗಟ್ಟಿಯಾದ್ರೆ ಅದರ ಮೇಲೇ ಗಡ್ಡೆ ಕೂರುತ್ತೆ. ಈ ಕಡೆಯೂ ಪ್ರಪಾತ, ಆ ಕಡೆಯೂ ಪ್ರಪಾತ. ನಡುವಿನ ದಾರಿ ಒಂದು ಗೇಣು ಅಗಲ ಇದೆ. ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ?”

“ಕೂರಲ್ಲ, ನಿಂತ್ಕೊಳ್ತೀನಿ,” ಅಂದರು ಮಾವ, ಅದರಿಂದ ಎಲ್ಲರಿಗೂ ಉಪಕಾರವಾಗುವಂತೆ.

ಒಂದು ಗಂಟೆ ಕಳೆಯಿತು. ಬಟ್ಟೆಯ ತುದಿ ಇನ್ನೂ ಕೆಂಪಾಗುತ್ತಲೇ ಇತ್ತು. ಅಮ್ಮ ಪ್ರತಿ ಐದು ನಿಮಿಷಕ್ಕೆ ಬಗ್ಗಿ ನೋಡಿ, “ನಿಂತಿಲ್ಲ” ಎಂದು ವರದಿ ಒಪ್ಪಿಸುತ್ತಿದ್ದಳು. ಆರೆಂಟು ಗಂಟೆ ಬೇಕಾಗುತ್ತದೆ, ಲಿವರ್ ಹೊಸದಾಗಿ ತಯಾರು ಮಾಡಬೇಕಲ್ಲ ಎಂದು ನರ್ಸು ನಾಲ್ಕು ಸಲ ಹೇಳಿದರು. ಐದನೇ ಸಲ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

“ಇವರ ಅಂಗಿ ಬಿಚ್ಚಿಸಬೇಕು, ಪೂರ್ತಿ ರಕ್ತ ಆಗಿದೆ,” ಎಂದು ನರ್ಸು ಜೇಬಿನಲ್ಲಿದ್ದದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಗುಬ್ಬಿಯ ಕೈಗಿಟ್ಟರು. ಮಡಿಚುವ ಅಳತೆಪಟ್ಟಿ. ಮೋಟು ಪೆನ್ಸಿಲು. ಬೀಗದ ಕೈ. ಒಂದು ಮಾತ್ರೆಯ ಪಟ್ಟಿ.

ಗುಲಾಬಿ ಮಾತ್ರೆಯ ಪಟ್ಟಿ. ಹದಿನೈದರಲ್ಲಿ ಹದಿನಾಲ್ಕು ಖಾಲಿ.

ಗುಬ್ಬಿ ಅದನ್ನು ತಿರುಗಿಸಿದಳು. ಅಪ್ಪನಿಗೊಂದು ಕಸುಬಿನ ಅಭ್ಯಾಸವಿತ್ತು: ಯಾವ ಕಟ್ಟು ಹಾಕಿದರೂ ಅದರ ಹಿಂದೆ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ತಾರೀಕು ಬರೆಯದೆ ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಬೆಳ್ಳಿ ಹಾಳೆಯ ಹಿಂಬದಿಯಲ್ಲಿ, ಹರಿದ ಒಂದೊಂದು ತೂತಿನ ಪಕ್ಕದಲ್ಲೂ, ಅದೇ ಇರುವೆ ಅಕ್ಷರದಲ್ಲಿ ಒಂದೊಂದು ತಾರೀಕು. ಮೊದಲನೆಯದು ಡಬ್ಬಿಯ ಜಗಳವಾದ ದಿನದ್ದು. ಕೊನೆಯದು ನಿನ್ನೆಯದು.

ಹಾಗಾದರೆ ಅಪ್ಪ ಹೇಳಿದ್ದು ನಿಜ. ದಿನಕ್ಕೊಂದು, ಒಂದು ದಿನ ತಪ್ಪಿಸಿಲ್ಲ. ಡಬ್ಬಿ ಮುಟ್ಟುವುದಿಲ್ಲ ಎಂದು ಹಟ ಹಿಡಿದವರು ಪಕ್ಕದ ಔಷಧಿ ಅಂಗಡಿಯಿಂದ ಬೇರೆ ಪಟ್ಟಿ ತಂದು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಯಾರಿಗೂ ಒಂದು ಮಾತು ಹೇಳಿಲ್ಲ. ಇವಳೂ ಯಾರಿಗೂ ಒಂದು ಮಾತು ಹೇಳಿಲ್ಲ. ಅಪ್ಪನ ಕೈಯಿಂದ ಒಂದು, ಕಾಫಿಯ ಲೋಟದಿಂದ ಒಂದು.

ಗುಬ್ಬಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಪುಣ್ಯಾತ್ಮರೇ, ‘ನಾನು ಬೇರೆ ತಗೊಳ್ತಿದ್ದೀನಿ’ ಅನ್ನಲು ಎಷ್ಟು ಉಸಿರು ಬೇಕಿತ್ತು? ಮೂರು ಪದ! ಆ ಮೂರು ಪದವನ್ನು ಎದೆಯಲ್ಲಿಟ್ಟುಕೊಂಡು ಯಾರಿಗೆ ಏನು ಸಾಧಿಸಿ ತೋರಿಸಿದ ಹಾಗಾಯಿತು? ಸಿಟ್ಟು ಒಂದು ಸುತ್ತು ಸುತ್ತಿ ಬಂದು ಅವಳ ಮುಂದೆಯೇ ನಿಂತಿತು. ಅಪ್ಪನ ಮಗಳು ಅವಳು. ಮೂಗು ಅಮ್ಮನದು, ಮೌನ ಅಪ್ಪನದು.

ಹೇಳಬೇಕು, ಈಗಲೇ. ಬಾಯಲ್ಲಿ ಆಗದಿದ್ದರೆ ಬರೆದು. ಜೊತೆಗೆ ತಂದಿದ್ದ ಡೈರಿಯ ಹಾಳೆ ಹರಿದು ಬರೆದಳು: ‘ಅಪ್ಪನಿಗೆ ಹನ್ನೊಂದು ದಿನದಿಂದ ದಿನಕ್ಕೆ ಎರಡು ಮಾತ್ರೆ ಹೋಗಿದೆ. ಒಂದು ಅವರೇ ತೆಗೆದುಕೊಂಡದ್ದು. ಇನ್ನೊಂದು ಅವರಿಗೆ ಗೊತ್ತಿಲ್ಲದೆ ನಾನು ಕೊಟ್ಟದ್ದು. ದಯವಿಟ್ಟು ಡಾಕ್ಟರಿಗೆ ತಿಳಿಸಿ.’ ನಾಲ್ಕಾಗಿ ಮಡಿಚಿ ನರ್ಸಿನ ಮುಂದೆ ಹಿಡಿದಳು. ನರ್ಸಿನ ಎರಡೂ ಕೈಯಲ್ಲಿ ಟ್ರೇ ಇತ್ತು.

“ಚೀಟಿನಾ? ಔಷಧಿ ಚೀಟಿ ಆದ್ರೆ ಕಿಟಕಿಗೆ ಕೊಡಮ್ಮ, ನನಗಲ್ಲ.”

“ಅದು... ಅಲ್ಲ...”

“ಎಡಕ್ಕೆ ಹೋಗಿ, ಮೆಟ್ಟಿಲು ಇಳಿದ್ರೆ ಕಿಟಕಿ,” ಎಂದು ನರ್ಸು ಹೊರಟೇಬಿಟ್ಟರು.

ಆಗ ಗುಬ್ಬಿ ಮಾಡಿದ ಕೆಲಸವನ್ನು ಆಮೇಲೆ ಎಷ್ಟು ಸಲ ನೆನೆದುಕೊಂಡರೂ ಅವಳಿಗೆ ಹಣೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಎಡಕ್ಕೆ ಹೋಗಿ, ಮೆಟ್ಟಿಲಿಳಿದು, ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತಳು! ಹೋಗು ಅಂದ ಕಡೆಗೆ ಕಾಲು ತಾನಾಗಿ ಹೋಗಿತ್ತು. ಇಪ್ಪತ್ತು ನಿಮಿಷ ನಿಂತು, ಅವಳ ಸರದಿ ಬಂದಾಗ, ಕಿಟಕಿಯವನು ಚೀಟಿ ಬಿಡಿಸಿ, ನೇರವಾಗಿ ಕೆಳಗಿನ ಮೂಲೆಯನ್ನಷ್ಟೇ ನೋಡಿ ಹಿಂದಕ್ಕೆ ತಳ್ಳಿದ. “ಡಾಕ್ಟರ್ ಸಹಿ ಇಲ್ಲ, ಸೀಲ್ ಇಲ್ಲ. ಆಗಲ್ಲ. ಮುಂದಿನವ್ರು ಬನ್ನಿ.”

ಮೇಲೆ ಬಂದರೆ ಮಾವ ಬಾಗಿಲಲ್ಲೇ ಸಿಕ್ಕರು. “ಎಲ್ಲಿಗೆ ಹೋಗಿತ್ತು ನಮ್ಮ ಮೌನಗೌರಿ? ಎಲ್ಲರಿಗೂ ಒಂದೊಂದು ಕಾಫಿ ತಗೊಂಡು ಬಾ ನೋಡೋಣ.”

“ನಾನು ಕಾಫಿ ತರಲ್ಲ,” ಅಂದಳು ಗುಬ್ಬಿ.

ಮಾವ ದಂಗಾದರು. ಇಷ್ಟು ವರ್ಷದಲ್ಲಿ ಈ ಹುಡುಗಿ ಇಲ್ಲ ಅಂದದ್ದನ್ನು ಅವರು ಕೇಳಿರಲಿಲ್ಲ. “ಅದಕ್ಕ್ಯಾಕೆ ಅಷ್ಟು ಸಿಟ್ಟು? ಬೇಡ ಬಿಡು. ಟೀ ತಗೊಂಡು ಬಾ.”

ಸಂಜೆಯ ಹೊತ್ತಿಗೆ ಮೂಗಿನ ಬಟ್ಟೆಯ ಅಂಚು ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು. ಸೂಜಿ ಚುಚ್ಚಿದ ಜಾಗದಲ್ಲಿ ಹನಿ ನಿಂತು ಸಾಸಿವೆಯಷ್ಟು ಕಪ್ಪು ಚುಕ್ಕೆ ಕೂತಿತು. ಅಮ್ಮ, “ನಿಂತಿದೆ” ಎಂದು ಆರು ಹಾಸಿಗೆಗೂ ಸಾರಿದಳು. ಮಾವ, “ಇನ್ನರ್ಧ ಶೀಸೆ ಹಾಕಿದ್ರೆ ಮಧ್ಯಾಹ್ನಕ್ಕೇ ನಿಲ್ತಿತ್ತು” ಎಂದು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡದೆ ಮನೆಗೆ ಹೋದರು. ಡಾಕ್ಟರು ಆಗಲೇ ಹೊರಟುಹೋಗಿದ್ದರು. ನಾಳೆ ಬೆಳಿಗ್ಗೆ ಬರುತ್ತಾರೆ. ನಾಳೆ ಬೆಳಿಗ್ಗೆ ಎಂಬುದು ಗುಬ್ಬಿಗೆ ಎಷ್ಟು ಹಿತವಾಗಿ ಕೇಳಿಸಿತೆಂದರೆ, ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಹೊಸ ಕಾಗದ ಹಿಡಿದು ಬಂದರು. ಮಾವನೂ ಸ್ನಾನ ಮಾಡಿ, ತಲೆಬಾಚಿ, ಹಾಜರಿದ್ದರು.

“ಮೂರಕ್ಕೆ ಇಳಿದಿದೆ. ಚೆನ್ನಾಯ್ತು. ಆದ್ರೆ ಒಂಬತ್ತು ಯಾಕಾಯ್ತು ಅನ್ನೋದು ಗೊತ್ತಾಗದೆ ಮನೆಗೆ ಕಳಿಸೋಕೆ ನನಗೆ ಇಷ್ಟ ಇಲ್ಲ. ಊಟದಲ್ಲಿ ಏನಾದ್ರೂ ಬದಲಾವಣೆ? ಸೊಪ್ಪು ತರಕಾರಿ?”

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಸೊಪ್ಪು... ನಿಲ್ಲಿಸಿದೀನಿ ಡಾಕ್ಟ್ರೇ. ಒಂದು ತಿಂಗಳಾಯ್ತು. ಆ ಮಾತ್ರೆಗೂ ಸೊಪ್ಪಿಗೂ ಆಗಲ್ಲ ಅಂತ ಯಾರೋ ಹೇಳಿದ್ರು.”

“ಪೂರ್ತಿ ನಿಲ್ಲಿಸಿದ್ರಾ?”

“ಮನೆ ಹೊಸಿಲು ದಾಟಿಸಿಲ್ಲ.”

“ಅದೇ ನೋಡಿ!” ಡಾಕ್ಟರು ಹಣೆಗೆ ಕೈಯಿಟ್ಟುಕೊಂಡರು. “ಸೊಪ್ಪಲ್ಲೇ ರೀ ಇರೋದು ವಿಟಮಿನ್ ಕೆ. ನೀವು ಊಟದಲ್ಲಿ ನಿಲ್ಲಿಸಿದ್ದನ್ನ ನಾನು ಸೂಜೀಲಿ ಕೊಟ್ಟೆ. ದಿನಾ ಒಂದೇ ಅಳತೆ ತಿನ್ನಿ ಅಂತೀವಿ, ಬಿಡಿ ಅಂತ ಯಾರಂದ್ರು? ಒಂಬತ್ತು ಆಗೋವಷ್ಟಾ ಅಂತ ಆಶ್ಚರ್ಯ, ಆದ್ರೆ ಪುಸ್ತಕದಲ್ಲಿ ಮಾತ್ರೆ ಸರಿಯಾಗಿದೆ, ಬೇರೆ ಕಾರಣ ಕಾಣಿಸ್ತಿಲ್ಲ.”

“ನೋಡಿದ್ಯಾ!” ಅಪ್ಪ ಕುಳಿತಲ್ಲಿಂದಲೇ ಎದೆಯುಬ್ಬಿಸಿದರು. ಮೂಗಿನ ಬಟ್ಟೆ ತೆಗೆದಿದ್ದರಿಂದ ದನಿ ಪೂರ್ತಿ ವಾಪಸು ಬಂದಿತ್ತು. “ಒಂದು ತಿಂಗಳಿಂದ ಕೇಳ್ತಿದೀನಿ, ಸೊಪ್ಪೆಲ್ಲಿ ಸೊಪ್ಪೆಲ್ಲಿ ಅಂತ. ಗಂಡನನ್ನ ಬಟ್ಟಲಲ್ಲೇ ಮುಗಿಸೋ ಪ್ಲಾನು!”

“ಹೌದು ರೀ, ನಾನೇ ಮುಗಿಸ್ತಿದ್ದೆ! ಮೂವತ್ತು ವರ್ಷ ಕಾದು ಈಗ ಸೊಪ್ಪಲ್ಲಿ ಮುಗಿಸೋಕೆ ಕೂತಿದ್ದೆ!” ಅಮ್ಮ ಕೂಗಬೇಕೆಂದು ಹೊರಟಳು. ಕೊನೆಯ ಪದಕ್ಕೆ ದನಿ ಒಡೆದುಹೋಯಿತು. ಕುರ್ಚಿಯ ಮೇಲೆ ಕುಳಿತು, ಸೆರಗಿಗೆ ಮುಖ ಒತ್ತಿಕೊಂಡಳು. “ನನ್ನ ಕೈಯಿಂದಲೇ ಆಯ್ತಲ್ಲ.”

ಗುಬ್ಬಿ ಅಮ್ಮ ಅಳುವುದನ್ನು ಕಂಡದ್ದು ಕಡಿಮೆ. ಅಳುವಿನಲ್ಲೂ ಸದ್ದು ಮಾಡುವ ಹೆಂಗಸು ಈಗ ಸದ್ದಿಲ್ಲದೆ ಅಳುತ್ತಿದ್ದಳು.

“ಇರಲಿ ಬಿಡಿ, ಗೊತ್ತಾಯ್ತಲ್ಲ.” ಡಾಕ್ಟರು ಹಾಸಿಗೆಯ ಕಬ್ಬಿಣದ ಮೇಲೆ ಕಾಗದವಿಟ್ಟು ಬರೆಯತೊಡಗಿದರು. “ಸೊಪ್ಪು ಮೊದಲಿನ ಹಾಗೇ ಕೊಡಿ. ಮಾತ್ರೆ ಕಮ್ಮಿ ಮಾಡ್ತೀನಿ. ಒಂದರ ಬದಲು ಅರ್ಧ. ಹತ್ತು ದಿನ ಬಿಟ್ಟು ಮತ್ತೆ ರಕ್ತ ನೋಡೋಣ.”

ಅರ್ಧ.

ಗುಬ್ಬಿಗೆ ಲೆಕ್ಕ ಮಾಡಲು ಕಾಗದ ಬೇಕಾಗಲಿಲ್ಲ. ಆರು ವರ್ಷ ಒಂದು ಮಾತ್ರೆಗೆ ರಕ್ತ ಸರಿಯಾಗಿಯೇ ಇತ್ತು. ಒಂಬತ್ತಕ್ಕೆ ಏರಿಸಿದ್ದು ಎರಡು. ಇವತ್ತಿನಿಂದ ಅವಳು ಕಾಫಿಗೆ ಏನನ್ನೂ ಹಾಕುವುದಿಲ್ಲ. ಹಾಗಾದರೆ ಒಂದು ಬೇಕಾದ ಮನುಷ್ಯನಿಗೆ ಅರ್ಧ ಹೋಗುತ್ತದೆ, ಮೇಲೆ ಅಮ್ಮ ಪ್ರಾಯಶ್ಚಿತ್ತಕ್ಕೆಂದು ಬುಟ್ಟಿಗಟ್ಟಲೆ ಸೊಪ್ಪು ಬೇಯಿಸಿ ಹಾಕುತ್ತಾಳೆ. ಹತ್ತು ದಿನ. ಆ ಹತ್ತು ದಿನದಲ್ಲಿ ಲೋಹದ ಕವಾಟದ ಮೇಲೆ ರಕ್ತ ಮೊಸರಿನಂತೆ ಕೂರುತ್ತದೆ. ಆಗ ಮೂಗಿನಿಂದ ಏನೂ ಬರುವುದಿಲ್ಲ, ಗೋಡೆಗೆ ಏನೂ ಹಾರುವುದಿಲ್ಲ. ಒಂದು ಬೆಳಿಗ್ಗೆ ಅಪ್ಪನ ಬಾಯಿ ಒಂದು ಕಡೆ ಸೊಟ್ಟಗಾಗಿರುತ್ತದೆ, ಅಷ್ಟೇ. ಅಥವಾ ಟಿಕ್ ಎನ್ನುವುದು ನಿಂತಿರುತ್ತದೆ.

ಗುಟ್ಟಾಗಿ ಕಾಫಿಗೆ ಇನ್ನರ್ಧ ಹಾಕಿ ಸರಿದೂಗಿಸಿದರೆ? ಇಷ್ಟಾದ ಮೇಲೂ ತನ್ನ ಬುದ್ಧಿ ಮೊದಲು ಓಡಿದ್ದು ಚಮಚದ ಕಡೆಗೆ!

“ಸಹಿ ಹಾಕೋರು ಯಾರು? ಮನೆಗೆ ಹೋಗಬಹುದು,” ಡಾಕ್ಟರು ಕಾಗದ ಹರಿದರು.

“ಇಲ್ಲಿ ಕೊಡಿ,” ಮಾವ ಕೈಚಾಚಿದರು. “ಅರ್ಧ ಮಾತ್ರೆ ಅಂದ್ರೆ ಒಳ್ಳೇದೇ. ಗಾಳಿ ಜಾಸ್ತಿ ಆಗಿತ್ತು, ಸ್ವಲ್ಪ ಬಿಟ್ಟಂಗಾಯ್ತು.”

“ಡಾಕ್ಟ್ರೇ,” ಅಂದಳು ಗುಬ್ಬಿ.

ಯಾರಿಗೂ ಕೇಳಿಸಲಿಲ್ಲ. ಅಪ್ಪ ಚಪ್ಪಲಿ ಹುಡುಕುತ್ತಿದ್ದರು. ನರ್ಸು ಅಮ್ಮನಿಗೆ ನೀರು ಕೊಡುತ್ತಿದ್ದರು. ಮಾವ ಕಾಗದವನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಡಾಕ್ಟರು ಮುಂದಿನ ಹಾಸಿಗೆಯ ಪರದೆಗೆ ಕೈಹಾಕಿದ್ದರು.

ಗುಬ್ಬಿ ಮಾವನ ಕೈಯಿಂದ ಕಾಗದ ಕಿತ್ತುಕೊಂಡಳು.

“ಏಯ್, ಏನಿದು!” ಮಾವ ಹಿಂದೆ ಸರಿದರು. “ಅಕ್ಕಾ, ನಿನ್ನ ಮಗಳಿಗೆ ಏನಾಗಿದೆ ನೋಡು, ನಿನ್ನೆಯಿಂದ...”

“ಸುಮ್ನಿರೋ ಸ್ವಲ್ಪ,” ಅಮ್ಮ ಸೆರಗಿನಿಂದ ಮುಖ ಎತ್ತಿದಳು. ಮಗಳ ಮುಖದಲ್ಲಿ ಏನು ಕಂಡಳೋ, ಲೋಟ ಹಿಡಿದಂತೆಯೇ ಎದ್ದು ನಿಂತಳು. “ಏನೇ, ಗುಬ್ಬಿ?”

ಗುಬ್ಬಿ ಪ್ಲಾಸ್ಟಿಕ್ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಹಾಸಿಗೆಯ ಮೇಲಿಟ್ಟಳು, ತಾರೀಕಿನ ಬದಿ ಮೇಲಾಗಿ. ಅಪ್ಪ ಅದನ್ನು ನೋಡಿದರು, ಆಮೇಲೆ ನೆಲ ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ, “ಅದು... ಡಬ್ಬಿ ಬೇಡ ಅಂತ ನಾನೇ... ಆದ್ರೆ ದಿನಾ ತಗೊಂಡಿದೀನಿ, ಬೇಕಾದ್ರೆ ತಾರೀಕು ನೋಡಿ” ಅಂದರು.

“ಹಾಗಾದ್ರೆ ಈ ಪುಸ್ತಕದಲ್ಲಿರೋ ಗುರುತು ಯಾವುದು?” ಡಾಕ್ಟರು ಪರದೆ ಬಿಟ್ಟು ತಿರುಗಿದರು. “ಡಬ್ಬಿದು ಯಾರು ತಗೊಂಡ್ರು?”

ಎಲ್ಲರೂ ಗುಬ್ಬಿಯನ್ನು ನೋಡಿದರು. ಈ ನೋಟಕ್ಕೆ ಹೆದರಿಯೇ ಅವಳು ಮೂರು ಸಂದರ್ಶನಗಳಿಂದ ಎದ್ದು ಬಂದಿದ್ದಳು. ಗಂಟಲು ಎಂದಿನಂತೆ ಕಟ್ಟಿತು. ಕಟ್ಟಲಿ. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದಕ್ಕಿಂತ ಹತ್ತಿರದಲ್ಲಿ, ಅಪ್ಪನ ಎದೆಯೊಳಗೆ, ಟಿಕ್ ಟಿಕ್.

ಕೈಯಲ್ಲಿದ್ದ ಡೈರಿಯನ್ನು ಅವಳು ಕುರ್ಚಿಯ ಮೇಲಿಟ್ಟಳು. ದನಿ ಒಡಕಾಗಿ, ತುಸು ಹೆಚ್ಚೇ ಜೋರಾಗಿ, ಆರು ಹಾಸಿಗೆಗೂ ಕೇಳಿಸುವಂತೆ ಹೊರಗೆ ಬಂತು.

“ಸೊಪ್ಪಲ್ಲ ಡಾಕ್ಟ್ರೇ, ಅಮ್ಮಂದೇನೂ ತಪ್ಪಿಲ್ಲ. ಅಪ್ಪನ್ನ ಕೇಳೋಕೆ ಹೆದರಿ, ಹನ್ನೊಂದು ದಿನ ನಾನೇ ಡಬ್ಬಿದು ಪುಡಿ ಮಾಡಿ ಅವರ ಕಾಫೀಲಿ ಹಾಕ್ತಿದ್ದೆ.”